ಕಲ್ಲು ಕಾಣಲೆಂದು ಗಾರೆ ಕೆತ್ತಬೇಡಿ: ಜ್ವಾಲಾಮುಖಿಗಳ ಬುಡದಲ್ಲಿರುವ ಇಗರ್ಜಿಗಳ ಪಾಲಕರಿಗೆ ಬಹಿರಂಗ ಪತ್ರ

ಫಿಲಿಪ್ಪೀನ್ಸ್‌ನ ರಾಷ್ಟ್ರೀಯ ವಸ್ತುಸಂಗ್ರಹಾಲಯದ ಹಾಗೂ ಸಂಸ್ಕೃತಿ ಮತ್ತು ಕಲೆಗಳ ರಾಷ್ಟ್ರೀಯ ಆಯೋಗದ ಅಧಿಕಾರಿಗಳಿಗೆ. ಮಾಯೋನ್, ತಾಲ್, ಪಿನಾತುಬೊ ಪರ್ವತಗಳ ಸುತ್ತಲಿನ ಧರ್ಮಕೇಂದ್ರಗಳ ಗುರುಗಳಿಗೆ ಮತ್ತು ಚರ್ಚ್ ಸಮಿತಿಗಳಿಗೆ,

ಮಾನ್ಯರೆ, ವಂದನೀಯ ಗುರುಗಳೆ,

ನಿಮ್ಮಲ್ಲಿ ನಮ್ಮ ಕೋರಿಕೆ ಒಂದೇ. ಸ್ಪೇನಿನ ಆಳ್ವಿಕೆಯಲ್ಲಿ ಕಟ್ಟಿದ ಈ ಇಗರ್ಜಿಗಳ, ಎಂದರೆ ಚರ್ಚುಗಳ, ಗೋಡೆಗೆ ಸಿಮೆಂಟ್ ಮುಟ್ಟಿಸಬೇಡಿ. ಗೋಡೆಯ ಮೇಲೆ ಇನ್ನೂ ಉಳಿದಿರುವ ಸುಣ್ಣದ ಗಿಲಾವನ್ನು ‘ಕಲ್ಲು ಚೆನ್ನಾಗಿ ಕಾಣಲಿ’ ಎಂದು ಕೆತ್ತಿ ತೆಗೆಯಬೇಡಿ. ಜ್ವಾಲಾಮುಖಿ ಒಮ್ಮೆ ಕೆಡವಿದ್ದನ್ನು ನಿಮ್ಮ ಹಿರಿಯರು ಎರಡೆರಡು ಸಲ ಎತ್ತಿ ಕಟ್ಟಿದ್ದಾರೆ. ಆದರೆ ಒಳ್ಳೆಯ ಮನಸ್ಸಿನಿಂದಲೇ ಮಾಡಿದ ತಪ್ಪು ದುರಸ್ತಿ ಗೋಡೆಯನ್ನು ಒಳಗಿನಿಂದ ತಿನ್ನುತ್ತದೆ. ಆ ಹಾನಿ ಕಣ್ಣಿಗೆ ಬೀಳುವ ಹೊತ್ತಿಗೆ ಇಪ್ಪತ್ತು ಮೂವತ್ತು ವರ್ಷ ಕಳೆದಿರುತ್ತದೆ.

ಈ ಮಾತನ್ನು ಕನ್ನಡದಲ್ಲಿ ಬರೆಯುವುದಕ್ಕೂ ಕಾರಣವಿದೆ. ನಮ್ಮ ಪಕ್ಕದ ಹಳೆ ಗೋವಾದಲ್ಲಿ ಬಾಮ್ ಜೀಸಸ್ ಬಸಿಲಿಕಾ ಇದೆ. ಅದರ ಹೊರಗೋಡೆಯ ಸುಣ್ಣದ ಗಿಲಾವನ್ನು 1950ರ ದಶಕದಲ್ಲಿ ಪೋರ್ಚುಗೀಸ್ ಆಡಳಿತವೇ ಕೆತ್ತಿಸಿತು. ಕೆಂಪು ಮುರಕಲ್ಲು ಬತ್ತಲಾಯಿತು. ಇಂದು ಅಲ್ಲಿಗೆ ಹೋಗುವವರು ಆ ಕೆಂಪನ್ನೇ ಮೂಲ ರೂಪವೆಂದು ನಂಬಿ ಫೋಟೋ ತೆಗೆದುಕೊಳ್ಳುತ್ತಾರೆ. ಅತ್ತ ಮಳೆಗಾಲ ಬಂದಾಗಲೆಲ್ಲ ಕಲ್ಲು ಸವೆಯುತ್ತಿದೆ, ಮತ್ತೆ ಗಿಲಾವು ಹಾಕಬೇಕೇ ಬೇಡವೇ ಎಂಬ ವಾದವೂ ನಡೆಯುತ್ತಿದೆ. ನಿಮ್ಮ ದೇಶದಲ್ಲೂ ಕಳೆದ ಶತಮಾನದಲ್ಲಿ ಇದೇ ಗೀಳು ಹಬ್ಬಿ ಎಷ್ಟೋ ಊರುಗಳಲ್ಲಿ ‘ಪಲಿತಾದಾ’ ಕೆತ್ತಿ ಹೋಯಿತು. ಪಲಿತಾದಾ ಎಂದರೆ ನಾವು ಗಿಲಾವು ಎನ್ನುವ ಆ ಸುಣ್ಣದ ಹೊದಿಕೆಯೇ.

ಕಲ್ಲಿನಿಂದಲೇ ಶುರುಮಾಡೋಣ. ಮನಿಲಾ, ಬತಾಂಗಸ್ ಸುತ್ತಿನ ಹಳೆಯ ಕಟ್ಟಡಗಳ ಕಲ್ಲನ್ನು ನಿಮ್ಮಲ್ಲಿ ‘ಅಡೋಬೆ’ ಎನ್ನುತ್ತಾರೆ. ಬೇರೆ ದೇಶಗಳಲ್ಲಿ ಆ ಹೆಸರು ಹಸಿ ಮಣ್ಣಿನ ಇಟ್ಟಿಗೆಗೆ ಸಲ್ಲುತ್ತದೆ, ನಿಮ್ಮಲ್ಲಿ ಹಾಗಲ್ಲ. ಇದು ಹಿಂದೆಂದೋ ಉಗುಳಿದ ಜ್ವಾಲಾಮುಖಿ ಬೂದಿ ಪದರ ಪದರವಾಗಿ ಕೂತು ಗಟ್ಟಿಯಾದ ಕಲ್ಲು. ಗಣಿಯಿಂದ ಹಸಿಯಾಗಿ ತೆಗೆದಾಗ ಕೊಡಲಿಯಲ್ಲೇ ಕಡಿಯಬಹುದು, ಗಾಳಿಗೆ ಒಣಗಿದ ಮೇಲೆ ಹೊರಮೈ ಗಡಸಾಗುತ್ತದೆ. ಕಟ್ಟುವವನಿಗೆ ವರವಾದ ಈ ಗುಣವೇ ಮುಂದೆ ಶಾಪವೂ ಆಗುತ್ತದೆ, ಏಕೆಂದರೆ ಕಲ್ಲಿನ ತುಂಬ ಸಣ್ಣ ಸಣ್ಣ ರಂಧ್ರಗಳಿದ್ದು ಅದು ಸ್ಪಂಜಿನಂತೆ ನೀರು ಕುಡಿಯುತ್ತದೆ. ಕುಡಿದ ನೀರು ಹೊರಗೆ ಹೋಗಲು ದಾರಿ ಬೇಕು. ಸುಣ್ಣದ ಗಿಲಾವು ಆ ದಾರಿಯನ್ನು ಬಿಡುತ್ತದೆ. ಮಳೆಯ ಪೆಟ್ಟನ್ನು ತಾನು ತಿಂದು, ಗೋಡೆಯ ತೇವವನ್ನು ಆವಿಯಾಗಿ ಹೊರಗೆ ಬಿಟ್ಟು, ಉಪ್ಪನ್ನು ತನ್ನ ಮೈಯಲ್ಲಿ ಹಿಡಿದುಕೊಂಡು ಕೊನೆಗೆ ತಾನೇ ಉದುರುತ್ತದೆ. ಉದುರಲೆಂದೇ ಅದು ಇರುವುದು. ಐವತ್ತು ವರ್ಷಕ್ಕೊಮ್ಮೆ ಗಿಲಾವು ಬದಲಿಸಿದರೆ ಕಲ್ಲು ಶತಮಾನಗಟ್ಟಲೆ ಬಾಳುತ್ತದೆ.

ಸಿಮೆಂಟ್ ಗಿಲಾವು ಇದಕ್ಕೆ ತದ್ವಿರುದ್ಧ. ಅದು ಬೂದಿಗಲ್ಲಿಗಿಂತ ಗಡಸು, ನೀರಾವಿಗೆ ಬಾಗಿಲು ಹಾಕುತ್ತದೆ. ಆದರೂ ಬಿಸಿಲಿಗೆ ಕೂದಲೆಳೆಯಷ್ಟು ಸಣ್ಣ ಬಿರುಕು ಬಿಡುತ್ತದೆ. ಬಿರುಕಿನಿಂದ ಒಳಗೆ ಹೋದ ನೀರು ಹೊರಬರಲಾಗದೆ ಗಿಲಾವಿನ ಹಿಂದೆ ನಿಲ್ಲುತ್ತದೆ. ಅದರಲ್ಲಿ ಕರಗಿದ ಉಪ್ಪು ಅಲ್ಲೇ ಹರಳುಗಟ್ಟಿ ಹಿಗ್ಗಿ ಕಲ್ಲಿನ ಮೈಯನ್ನು ಪುಡಿಮಾಡುತ್ತದೆ. ಹೊರಗಿನಿಂದ ನೋಡಿದರೆ ಗೋಡೆ ಗಟ್ಟಿಮುಟ್ಟು. ಬೆರಳ ಗೆಣ್ಣಿನಿಂದ ತಟ್ಟಿ ಕೇಳಿ, ಟೊಳ್ಳು ಸದ್ದು ಬಂದರೆ ಅದರ ಹಿಂದೆ ಕಲ್ಲು ಮರಳಾಗಿದೆ ಎಂದೇ ತಿಳಿಯಬೇಕು. ಇಂಥ ಗಿಲಾವನ್ನು ಕೀಳುವಾಗಲೂ ಅವಸರ ಸಲ್ಲದು. ಕಟಿಂಗ್ ಮೆಷಿನ್, ಬ್ರೇಕರ್ ಯಾವುದೂ ಬೇಡ. ಉಳಿ ಸುತ್ತಿಗೆ ಹಿಡಿದು ಟೊಳ್ಳು ಸದ್ದು ಬರುವ ಕಡೆಯಿಂದ ಶುರುಮಾಡಿ. ಸಿಮೆಂಟಿನ ಜೊತೆ ಕಲ್ಲಿನ ಚಕ್ಕೆಯೂ ಏಳುತ್ತಿದ್ದರೆ ಕೈ ನಿಲ್ಲಿಸಿ, ಆ ತುಂಡನ್ನು ಸದ್ಯಕ್ಕೆ ಅಲ್ಲೇ ಬಿಡಿ. ಕಿತ್ತ ಮೇಲೆ ಒಂದು ಪೂರ್ತಿ ಬೇಸಗೆಯಾದರೂ ಗೋಡೆ ಒಣಗಬೇಕು. ಆಗ ಹೊರಬರುವ ಬಿಳಿ ಉಪ್ಪನ್ನು ಒಣ ಬ್ರಷ್‌ನಿಂದ ಗುಡಿಸಿ ಗೋಡೆಯ ಬುಡದಿಂದ ದೂರ ಒಯ್ಯಿರಿ. ನೀರು ಹಾಕಿ ತೊಳೆದರೆ ಅದೇ ಉಪ್ಪು ಕರಗಿ ಮತ್ತೆ ಒಳಗೆ ಸೇರುತ್ತದೆ.

ಗಾರೆ ಮಾಡುವ ಬಗೆ ನಿಮ್ಮ ಮೇಸ್ತ್ರಿಗಳ ಮನೆತನಗಳಲ್ಲಿ ಒಂದು ಕಾಲಕ್ಕೆ ಇದ್ದದ್ದೇ. ಹವಳದ ಕಲ್ಲನ್ನೂ ಕಡಲ ಚಿಪ್ಪನ್ನೂ ಸುಟ್ಟು ಸುಣ್ಣ ಮಾಡುತ್ತಿದ್ದರು, ನಮ್ಮ ಕರಾವಳಿಯಲ್ಲಿ ಚಿಪ್ಪು ಸುಣ್ಣ ಸುಡುತ್ತಿದ್ದ ಹಾಗೆಯೇ. ಸುಮಾರು 900 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಚೆನ್ನಾಗಿ ಬೆಂದ ಸುಣ್ಣವನ್ನು ಗುಂಡಿಯ ನೀರಿನಲ್ಲಿ ಅರಳಿಸಿ, ಜರಡಿ ಹಿಡಿದು, ಮೇಲೆ ಮೂರು ನಾಲ್ಕು ಬೆರಳು ನೀರು ನಿಲ್ಲಿಸಿ ಕನಿಷ್ಠ ಮೂರು ತಿಂಗಳು ಬಿಡಬೇಕು. ಈ ಮೂರು ತಿಂಗಳನ್ನೇ ಗುತ್ತಿಗೆದಾರರು ಮೊದಲು ಕತ್ತರಿಸುವುದು. ಅರಳದ ಕಾಳುಗಳು ಗೋಡೆ ಸೇರಿ ಆಮೇಲೆ ಅರಳಿದರೆ ಗಿಲಾವಿನಲ್ಲಿ ಸಿಡುಬಿನ ಕಲೆಯ ಹಾಗೆ ಗುಳಿ ಬೀಳುತ್ತದೆ. ಹದವಾದ ಸುಣ್ಣ ಬೆಣ್ಣೆಯಂತಿದ್ದು ಕರಣೆಗೆ ಅಂಟುತ್ತದೆ.

ಅಳತೆ ಹೀಗೆ: ಒಂದು ಪಾಲು ಸುಣ್ಣಕ್ಕೆ ಎರಡೂವರೆಯಿಂದ ಮೂರು ಪಾಲು ತೊಳೆದ ಹೊಳೆ ಮರಳು. ಕಡಲ ಮರಳು ಬೇಡವೇ ಬೇಡ, ಅದರ ಉಪ್ಪು ಗೋಡೆಯನ್ನು ಬಿಡುವುದಿಲ್ಲ. ತೇವ ಹೆಚ್ಚಿರುವ ಬುಡಕ್ಕೆ, ಗೋಡೆಯ ನೆತ್ತಿಗೆ, ಸಂದು ತುಂಬುವುದಕ್ಕೆ ಬೂದಿ ಬೆರೆಸಿದ ಗಾರೆ ಒಳ್ಳೆಯದು. ಪರೀಕ್ಷೆಗೆಂದು ಎರಡು ಪಾಲು ಸುಣ್ಣ, ಒಂದು ಪಾಲು ನುಣ್ಣಗೆ ಜರಡಿ ಹಿಡಿದ ಜ್ವಾಲಾಮುಖಿ ಬೂದಿ, ಐದು ಪಾಲು ಮರಳಿನಿಂದ ಶುರುಮಾಡಿ, ಒಂದು ಮೂಲೆಯಲ್ಲಿ ಒಂದು ಚದರ ಮೀಟರ್ ಬಳಿದು ಕನಿಷ್ಠ ಒಂದು ಮಳೆಗಾಲ ನೋಡಿ. ಬೂದಿಯಲ್ಲಿರುವ ಗಾಜಿನಂಥ ಸಿಲಿಕಾ ಸುಣ್ಣದೊಡನೆ ಕೂಡಿ ನೀರಿನಲ್ಲೂ ಗಟ್ಟಿಯಾಗುವ ಬಂಧ ಕಟ್ಟುತ್ತದೆ. ಸುಟ್ಟ ಇಟ್ಟಿಗೆಯ ಪುಡಿಯಿಂದ ನಾವು ಪಡೆಯುತ್ತಿದ್ದುದೂ ಇದೇ ಗುಣ; ಕೃಷ್ಣರಾಜಸಾಗರ ಅಣೆಕಟ್ಟು ನಿಂತಿರುವುದೇ ಸುರ್ಕಿ ಗಾರೆಯ ಮೇಲೆ. ನಾವು ಇಟ್ಟಿಗೆ ಕುಟ್ಟಿ ಮಾಡಿಕೊಳ್ಳಬೇಕಾದ ವಸ್ತುವನ್ನು ಬೆಟ್ಟವೇ ನಿಮ್ಮ ಅಂಗಳಕ್ಕೆ ತಂದು ಸುರಿದಿದೆ. ಆದರೆ ಹೊಸದಾಗಿ ಬಿದ್ದ ಬೂದಿಯನ್ನು ಗಾರೆಗೆ ಹಾಕಬೇಡಿ, ಅದರ ಮೈಗೆ ಗಂಧಕದ ಆಮ್ಲವೂ ಲವಣಗಳೂ ಅಂಟಿರುತ್ತವೆ. ಹತ್ತಾರು ಮಳೆಗಾಲಗಳಲ್ಲಿ ತೊಳೆದುಹೋದ ಹಳೆಯ ಪದರದಿಂದ ತೆಗೆಯಿರಿ.

ಬಳಿಯುವ ಮುನ್ನ ಹಿಂದಿನ ದಿನವೇ ಗೋಡೆಗೆ ನೀರು ಕುಡಿಸಿ. ಒಂದು ಪದರ 10 ಮಿಲಿಮೀಟರ್ ಮೀರಬಾರದು, ಮೊದಲ ಪದರ ಬಿಗಿಯಾದ ಮೇಲೆಯೇ ಎರಡನೆಯದು. ಗೋಣಿಚೀಲ ನೇತುಹಾಕಿ ವಾರದ ಮೇಲೂ ತೇವ ಇರಿಸಿ. ಬಿಸಿಲಿಗೆ ಬೇಗ ಒಣಗಿದರೆ ಸುಣ್ಣ ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಹೀರಿ ಕಲ್ಲಾಗುವುದಕ್ಕೆ ಸಮಯವೇ ಸಿಗದೆ, ಉಗುರಿನಿಂದ ಕೆರೆದರೆ ಹಿಟ್ಟಿನಂತೆ ಉದುರುತ್ತದೆ. ಕೊನೆಗೆ ಹಾಲಿನಷ್ಟು ತೆಳ್ಳಗಿನ ಸುಣ್ಣದ ನೀರನ್ನು ನಾಲ್ಕೈದು ಕೈ ಬಳಿಯಬೇಕು. ಗಾರೆಗೆ ಮೊಟ್ಟೆಯ ಬಿಳಿ ಬೆರೆಸುತ್ತಿದ್ದರೆಂಬ ಮಾತು ನಿಮ್ಮ ಊರೂರಿನಲ್ಲಿದೆ, ನಮ್ಮಲ್ಲೂ ಇದೆ. ಬೆಲ್ಲದ ನೀರು, ಕಾಕಂಬಿಯ ಮಾತೂ ಇದೆ. ಬೆರೆಸಿದ್ದರೂ ಇರಬಹುದು. ಗೋಡೆ ನಿಂತಿರುವುದು ಮಾತ್ರ ಹದವಾದ ಸುಣ್ಣದಿಂದ ಮತ್ತು ಮೇಸ್ತ್ರಿಯ ತಾಳ್ಮೆಯಿಂದ. ‘ಬೇಗ ಗಟ್ಟಿಯಾಗಲಿ, ಒಂದು ಬಾಣಲೆ ಸಿಮೆಂಟ್ ಹಾಕಿ’ ಎನ್ನುವವರನ್ನು ಕೆಲಸದ ಜಾಗಕ್ಕೆ ಸೇರಿಸಬೇಡಿ. ಅರೆಬರೆ ಬೆರಕೆಯಲ್ಲಿ ಸುಣ್ಣದ ಮೆತುತನವೂ ಇರುವುದಿಲ್ಲ, ಸಿಮೆಂಟಿನ ಬಲವೂ ಬರುವುದಿಲ್ಲ.

ಮಾಯೋನ್ ಬುಡದ ದರಾಗ ಊರಿನ ವಿಷಯವನ್ನು ಇಲ್ಲಿಯೇ ಹೇಳಬೇಕು. ಗುಡ್ಡದ ಮೇಲೆ 1773ರಲ್ಲಿ ಫ್ರಾನ್ಸಿಸ್ಕನ್ನರು ಕಟ್ಟಿದ್ದೆಂದು ದಾಖಲಾಗಿರುವ ಆ ಇಗರ್ಜಿಯ ಮುಂಭಾಗದ ತಿರುಚು ಕಂಬಗಳು, ಸಂತರ ಕೆತ್ತನೆಗಳು ಎಲ್ಲವೂ ಜ್ವಾಲಾಮುಖಿ ಕಲ್ಲಿನವು. ಅದಕ್ಕೆ ಸುಣ್ಣದ ಬಿಳಿ ಲೇಪ ಬಂದಾಗ, ತಲೆಮಾರುಗಳಿಂದ ಕಪ್ಪು ಕಲ್ಲನ್ನೇ ನೋಡಿ ಬೆಳೆದ ಊರಿನವರಿಗೆ ಬೇಸರವಾಯಿತು. ಆ ಬೇಸರ ನ್ಯಾಯವಾದದ್ದೇ. ಗುಡಿಯ ಮುಖ ಬದಲಾದರೆ ಯಾರಿಗೆ ತಾನೇ ನೋಯುವುದಿಲ್ಲ? ಆದರೂ ಲೇಪ ಹಚ್ಚಿದ ಉದ್ದೇಶ ಸರಿಯೆಂದೇ ನಮ್ಮ ಅಭಿಪ್ರಾಯ. ತೆಳುವಾದ ಸುಣ್ಣದ ಲೇಪ ಕೆತ್ತನೆಗೆ ಅಂಗಿಯಿದ್ದ ಹಾಗೆ, ಮಳೆ ಸವೆಸುವುದು ಆ ಅಂಗಿಯನ್ನು, ಸಂತನ ಮೂಗನ್ನಲ್ಲ. ನೋಡಿಕೊಳ್ಳಬೇಕಾದದ್ದು ದಪ್ಪವನ್ನು. ಉಳಿಯ ಗೆರೆ ಮುಚ್ಚಿಹೋಗುವಷ್ಟು ಬಳಿದರೆ ಕೆಲಸ ಕೆಟ್ಟಂತೆ. ಲೇಪದ ಬಣ್ಣವನ್ನೂ ಊರಿನವರೊಡನೆ ಕೂತು ಗೊತ್ತುಮಾಡಬಹುದು; ಕಲ್ಲಿನ ಪುಡಿ ಬೆರೆಸಿದರೆ ಸುಣ್ಣ ಬೂದುಬಣ್ಣಕ್ಕೆ ತಿರುಗುತ್ತದೆ.

ದರಾಗದ ಗುಡ್ಡದಿಂದ ಸ್ವಲ್ಪವೇ ದೂರದಲ್ಲಿ, 2,460 ಮೀಟರಿಗೂ ಮಿಕ್ಕಿ ಎತ್ತರದ ಮಾಯೋನ್‌ನ ಕೆಳಗೆ, ಕಗ್ಸಾವದ ಗಂಟೆಗೋಪುರ ಒಂಟಿಯಾಗಿ ನಿಂತಿದೆ. 1587ರಲ್ಲಿ ಆರಂಭವಾಗಿ, 1636ರಲ್ಲಿ ಡಚ್ಚರು ಸುಟ್ಟು, 1724ರಲ್ಲಿ ಮತ್ತೆ ಎದ್ದ ಇಗರ್ಜಿ ಅದು. 1814ರ ಫೆಬ್ರವರಿ 1ರಂದು ಮಾಯೋನ್ ಸಿಡಿದು ಸುಮಾರು 1,200 ಜನ ಸತ್ತರು, ಉಳಿದವರು ದರಾಗಕ್ಕೆ ಹೋಗಿ ನೆಲೆಸಿದರು. ಪ್ರವಾಸಿಗರಿಗೆ ಹೇಳುವ ಕಥೆಯಲ್ಲಿ ಇಡೀ ಇಗರ್ಜಿ ಅಂದೇ ಮುಳುಗಿ ಗೋಪುರವೊಂದೇ ಉಳಿಯಿತು. ಆದರೆ 20ನೇ ಶತಮಾನದ ಮೊದಲ ದಶಕಗಳ ಫೋಟೋಗಳಲ್ಲಿ ಇಗರ್ಜಿಯ ಮುಂಭಾಗ ಬಹುಮಟ್ಟಿಗೆ ನಿಂತೇ ಇದೆ. ಅದು ಬಿದ್ದದ್ದು ಆಮೇಲೆ. ಈ ವಿಷಯ ಫಲಕದ ಮೇಲೆ ಬರಲೇಬೇಕು. ಬೆಟ್ಟ ಎಲ್ಲವನ್ನೂ ಒಂದೇ ದಿನ ನುಂಗಿತೆಂದು ನಂಬಿದರೆ, ಅಳಿದುಳಿದದ್ದನ್ನು ಕಾಯುವ ಹೊಣೆ ನಮ್ಮದಲ್ಲ ಎನಿಸಿಬಿಡುತ್ತದೆ. ಸ್ಫೋಟದ ನಂತರವೂ ಬಹುಕಾಲ ನಿಂತ ಗೋಡೆ ಆಮೇಲೆ ಬಿತ್ತೆಂದು ತಿಳಿದವರು ಉಳಿದ ಗೋಪುರವನ್ನು ಬೇರೆ ಕಣ್ಣಿನಿಂದ ನೋಡುತ್ತಾರೆ.

ಆ ಗೋಪುರಕ್ಕೆ ಈಗ ಬೇಕಾದದ್ದು ಸಣ್ಣ ಕೆಲಸಗಳು, ಆದರೆ ಬಿಡದೆ ಮಾಡಬೇಕು. ಸಂದಿನಲ್ಲಿ ಆಲದ ಜಾತಿಯ ಗಿಡ ಮೊಳೆತರೆ ಬೆರಳುದ್ದ ಇರುವಾಗಲೇ ತೆಗೆಯಿರಿ. ಬೇರು ದಪ್ಪವಾಗಿದ್ದರೆ ಎಳೆಯಬೇಡಿ, ಬೇರಿನ ಜೊತೆ ಕಲ್ಲೂ ಬರುತ್ತದೆ. ಕಾಂಡವನ್ನು ಗೋಡೆಗೆ ಸಮವಾಗಿ ಕತ್ತರಿಸಿ, ಬೇರು ಸಾಯುವಂತೆ ಮದ್ದು ಹಚ್ಚಿ, ಅದು ಕೊಳೆತು ಬಿಟ್ಟ ಪೊಳ್ಳಿಗೆ ಬೂದಿ ಬೆರೆಸಿದ ತೆಳು ಗಾರೆಯನ್ನು ಕೆಳಗಿನಿಂದ ಮೇಲಕ್ಕೆ ಸ್ವಲ್ಪ ಸ್ವಲ್ಪವೇ ಹನಿಸಿ. ಗೋಡೆಯ ನೆತ್ತಿಯಲ್ಲಿ ನೀರು ನಿಲ್ಲದಂತೆ ಗಾರೆಯಿಂದ ಇಳಿಜಾರು ಕೊಡಿ. ಕಾಂಕ್ರೀಟ್ ಟೋಪಿ ಹಾಕಬೇಡಿ. ಭೂಕಂಪದಲ್ಲಿ ಆ ಭಾರವೇ ಮೊದಲು ಅಲುಗಿ ಕೆಳಗಿನ ಕಲ್ಲನ್ನು ಕದಲಿಸುತ್ತದೆ. 1871ರ ಸ್ಫೋಟದಲ್ಲಿ ಹಾಳಾದ ಕಾಮಿಗಿನ್ ದ್ವೀಪದ ಗುಯ್-ಓಬ್ ಇಗರ್ಜಿಯ ಪಾಚಿಗಟ್ಟಿದ ಗೋಡೆಗಳಿಗೂ ಇದೇ ಮಾತು ಸಲ್ಲುತ್ತದೆ.

ಬಾಕೊಲೊರ್ ಬಗ್ಗೆ ನಮ್ಮ ಕಳವಳ ಎಲ್ಲಕ್ಕಿಂತ ಹೆಚ್ಚು. 1991ರ ಜೂನ್ 15ರಂದು ಪಿನಾತುಬೊ ಸಿಡಿದಾಗ ಪಂಪಾಂಗದ ಈ ಊರು ಉಳಿಯಿತು. ಊರನ್ನು ಹೂತದ್ದು ಆಮೇಲಿನ ಮಳೆಗಾಲಗಳು. ಬೂದಿ, ಕಲ್ಲು, ಮಳೆನೀರು ಕಲಸಿ ಹೊಳೆಯಂತೆ ಬರುವ ಲಹಾರ್ 1995ರ ಅಕ್ಟೋಬರ್ 1ರಂದು ನುಗ್ಗಿ, ಸುಮಾರು 12 ಮೀಟರ್ ಎತ್ತರದ ಸಾನ್ ಗಿಯೆರ್ಮೊ ಇಗರ್ಜಿಯನ್ನು ಅರ್ಧಕ್ಕೆ ಹೂತಿತು. ಊರಿನವರು ಬಲಿಪೀಠದ ಹಿಂದಿನ ದೊಡ್ಡ ಮರದ ಮಂಟಪವನ್ನು ಅಗೆದು ತೆಗೆದು, ಎತ್ತರಿಸಿದ ಹೊಸ ನೆಲದ ಮೇಲೆ ಗುಮ್ಮಟದ ಕೆಳಗೆ ನಿಲ್ಲಿಸಿದರು. ಹಳೆಯ ಕಿಟಕಿಗಳೇ ಇಂದು ಬಾಗಿಲು. ಒಳಗೆ ಹೋದವರಿಗೆ ಗಿಡ್ಡ ಗೋಡೆ, ನೆಲಕ್ಕೆ ಹತ್ತಿರ ಬಂದ ಕಮಾನು, ಕೈಗೆಟಕುವ ಎತ್ತರದಲ್ಲಿ ಮೇಲ್ಭಾಗದ ಅಲಂಕಾರ ಕಾಣುತ್ತವೆ. ಅಲ್ಲಿನ ಜನ ಬದುಕನ್ನು ಹೇಗೆ ಮತ್ತೆ ಕಟ್ಟಿಕೊಂಡರೆಂಬುದಕ್ಕೆ ಇದಕ್ಕಿಂತ ದೊಡ್ಡ ದಾಖಲೆ ಬೇಕಿಲ್ಲ.

‘ಪೂರ್ತಿ ಅಗೆದು ಮೂಲ ರೂಪ ತೋರಿಸೋಣ’ ಎಂಬ ಆಸೆ ಇಂಥ ಕಟ್ಟಡದ ಮುಂದೆ ಯಾರಿಗಾದರೂ ಬಂದೀತು. ದಯವಿಟ್ಟು ಅದಕ್ಕೆ ಒಪ್ಪಬೇಡಿ. ಈಗ ಗೋಡೆಯ ಎರಡೂ ಬದಿಗೆ ಮರಳಿದೆ, ಒತ್ತಡ ಸರಿದೂಗಿದೆ. ಒಳಗಿನದನ್ನು ಮಾತ್ರ ತೆಗೆದರೆ, ಭಾರ ಹೊರಲೆಂದು ಕಟ್ಟಿದ ಗೋಡೆ 6 ಮೀಟರ್ ಮರಳನ್ನು ತಡೆಯುವ ಒಡ್ಡಾಗಬೇಕಾಗುತ್ತದೆ. ಒಂದು ಘನ ಮೀಟರ್ ಮರಳಿಗೆ 1.7 ಟನ್ ಹಿಡಿದು, ಅದರ ಅರ್ಧದಷ್ಟು ಪಕ್ಕಕ್ಕೆ ಒತ್ತುತ್ತದೆಂದು ಲೆಕ್ಕ ಹಾಕಿದರೂ ಬುಡದಲ್ಲಿ ಚದರ ಮೀಟರಿಗೆ 5 ಟನ್, ಗೋಡೆಯ ಒಂದೊಂದು ಮೀಟರ್ ಉದ್ದಕ್ಕೆ 15 ಟನ್. ಮಳೆಗಾಲದಲ್ಲಿ ನೆಲದ ನೀರು ಏರಿದರೆ ಇನ್ನೂ ಹೆಚ್ಚು. ಸುಣ್ಣದ ಗಾರೆಯ ಯಾವ ಗೋಡೆಗೂ ಅಷ್ಟು ಒತ್ತಡ ತಾಳಿಕೊಳ್ಳುವ ಶಕ್ತಿಯಿಲ್ಲ. ಅಗೆಯುವ ಬದಲು ಹೊಸ ನೆಲಮಟ್ಟದ ತೇವವನ್ನು ನೋಡಿಕೊಳ್ಳಿ. ಒಮ್ಮೆ ಎತ್ತರದಲ್ಲಿ ಒಣಗಿ ನಿಂತಿದ್ದ ಗೋಡೆಯ ನಡುಭಾಗ ಈಗ ಒದ್ದೆ ನೆಲಕ್ಕೆ ತಾಗಿದೆ. ಅಲ್ಲಿಂದ ಒಂದು ಒಂದೂವರೆ ಮೀಟರ್ ಎತ್ತರದವರೆಗೆ ಉಪ್ಪು ಏರುವ ಅಪಾಯವಿದೆ. ಗೋಡೆಗೆ ತಾಗಿಸಿ ಕಾಂಕ್ರೀಟ್ ಅಥವಾ ಟೈಲ್ಸ್ ಹಾಕಿದರೆ ನೆಲದ ತೇವಕ್ಕೆಲ್ಲ ಗೋಡೆಯೇ ಚಿಮಣಿಯಾಗುತ್ತದೆ. ಸುತ್ತ ಅರ್ಧ ಮೀಟರ್ ಅಗಲಕ್ಕೆ ದಪ್ಪ ಜಲ್ಲಿ ಹಾಕಿ, ನೀರು ಹೊರಗೆ ಹರಿಯುವಂತೆ ಇಳಿಜಾರು ಕೊಡಿ.

ಚಾವಣಿಯ ಮಾತು ಹೇಳದಿದ್ದರೆ ಪತ್ರ ಪೂರ್ತಿಯಾಗದು. ಪಿನಾತುಬೊ ಸಿಡಿದ ದಿನವೇ ಚಂಡಮಾರುತವೂ ಬಂದು ಬೂದಿ ಮಳೆಯಲ್ಲಿ ನೆನೆಯಿತು. ಅಂದು ಸತ್ತವರಲ್ಲಿ ಹೆಚ್ಚಿನವರು ಚಾವಣಿ ಕುಸಿದೇ ಸತ್ತರು. 10 ಸೆಂಟಿಮೀಟರ್ ದಪ್ಪದ ಒದ್ದೆ ಬೂದಿ ಒಂದು ಚದರ ಮೀಟರಿಗೆ 100ರಿಂದ 200 ಕಿಲೋ ತೂಗುತ್ತದೆ. 50 ಮೀಟರ್ ಉದ್ದ, 15 ಮೀಟರ್ ಅಗಲದ ಚಾವಣಿಗೆ ಅದು 75ರಿಂದ 150 ಟನ್, ಹತ್ತು ಟನ್ನಿನ ಲಾರಿಯಲ್ಲಿ ಎಂಟರಿಂದ ಹದಿನೈದು ಲೋಡು. ಗೆದ್ದಲು ತಿಂದ ತೊಲೆ ಜಂತಿಗೆ ಆ ಭಾರ ಹೊರಲಾಗದು. ಆದ್ದರಿಂದ ಬೆಟ್ಟ ಶಾಂತವಾಗಿರುವಾಗಲೇ ತೊಲೆಯ ತುದಿ ಗೋಡೆಯೊಳಗೆ ಹೊಕ್ಕಿರುವ ಜಾಗವನ್ನು ಚೂಪು ಮೊಳೆಯಿಂದ ಚುಚ್ಚಿ ನೋಡಿ, ಮರ ಮೊದಲು ಕೊಳೆಯುವುದೇ ಅಲ್ಲಿ. ಬೂದಿ ಬೀಳುತ್ತಿರುವಾಗ ಯಾರೂ ಮೇಲೆ ಹತ್ತಬಾರದು. ನಿಂತ ಮೇಲೆ, ಮಳೆ ಬರುವ ಮುನ್ನ, ಚಾವಣಿ ಭಾರ ತಾಳುತ್ತದೆಂದು ಕೆಳಗಿನಿಂದ ಖಚಿತಪಡಿಸಿಕೊಂಡು, ಸೊಂಟಕ್ಕೆ ಹಗ್ಗ ಕಟ್ಟಿ, ಮುಖಕ್ಕೆ ಮಾಸ್ಕ್ ಹಾಕಿ, ಹಲಗೆಯ ಮೇಲೆ ನಿಂತು ಗುಡಿಸಬೇಕು. ಎರಡೂ ಇಳಿಜಾರನ್ನು ಸರಿಸಮವಾಗಿ ಇಳಿಸಬೇಕು, ಒಂದೇ ಕಡೆ ಖಾಲಿ ಮಾಡಿದರೆ ಚೌಕಟ್ಟು ವಾಲುತ್ತದೆ. ಮಳೆನೀರಿನ ಕೊಳವೆಗಳ ಬಾಯಿಯನ್ನು ಮೊದಲೇ ಮುಚ್ಚಿ. ಒಳಗೆ ಹೋದ ಬೂದಿ ಗಚ್ಚಿನಂತೆ ಕೂತುಬಿಡುತ್ತದೆ. ಕೆತ್ತನೆಯ ಮೇಲಿನ ಬೂದಿಯನ್ನು ಬಟ್ಟೆಯಿಂದ ಒರೆಸಬೇಡಿ, ಅದು ಗಾಜಿನ ಚೂರು, ಗೀರು ಬೀಳುತ್ತದೆ. ಮೆತ್ತನೆಯ ಬ್ರಷ್‌ನಿಂದ ಜಾಡಿಸಿ. 2020ರ ಜನವರಿ 12ರಂದು ತಾಲ್ ಸಿಡಿದಾಗ ಬೂದಿ ಮನಿಲಾವನ್ನೂ ಮುಟ್ಟಿತ್ತು, ಹಾಗಾಗಿ ದೂರದ ಊರುಗಳೂ ಇದಕ್ಕೆ ಸಿದ್ಧವಿರಬೇಕು.

ತಾಲ್ ಊರಿನ ಫಲಕಗಳ ಬಗ್ಗೆಯೂ ಒಂದು ಮಾತು. 1754ರಲ್ಲಿ ತಿಂಗಳುಗಟ್ಟಲೆ ನಡೆದ ಸ್ಫೋಟದಲ್ಲಿ ಸರೋವರದ ದಂಡೆಯ ಹಳೆಯ ತಾಲ್ ಹಾಳಾಯಿತು. ಅಲ್ಲಿನ ಗುರು ಬೆನ್‌ಕುಚಿಯೊ ಅದನ್ನು ಕಣ್ಣಾರೆ ಕಂಡು ಬರೆದಿಟ್ಟಿದ್ದಾರೆ. ಹಳೆಯ ಇಗರ್ಜಿಯ ಅವಶೇಷ ಇಂದಿಗೂ ಸಾನ್ ನಿಕೊಲಾಸ್‌ನಲ್ಲಿದೆ. ಊರು ಈಗಿನ ಜಾಗಕ್ಕೆ ಬಂದ ಮೇಲೆ ಕಟ್ಟಿದ್ದು ಭೂಕಂಪಕ್ಕೆ ಬಿತ್ತು, ಇಂದಿನ ಬಸಿಲಿಕಾದ ಕೆಲಸ ಆರಂಭವಾದದ್ದು 1856ರಲ್ಲಿ. ಫಲಕಗಳಲ್ಲಿ ಗುರುಗಳ, ವಾಸ್ತುಶಿಲ್ಪಿಯ ಹೆಸರಿರುತ್ತದೆ. ಕಲ್ಲು ಹೊತ್ತವರ ಮಾತು ಎಲ್ಲಿ? 16ರಿಂದ 60 ವರ್ಷದೊಳಗಿನ ಗಂಡಾಳುಗಳು ವರ್ಷಕ್ಕೆ 40 ದಿನ ಬಿಟ್ಟಿ ದುಡಿಯಬೇಕೆಂಬ ಕಾಯಿದೆಯಿತ್ತು. ಅದು 15 ದಿನಕ್ಕೆ ಇಳಿದದ್ದು 1884ರಲ್ಲಿ. ಮರ ಕಡಿದವರು, ಸುಣ್ಣ ಸುಟ್ಟವರು ಅವರೇ. ‘ಈ ಗೋಡೆಯನ್ನು ಈ ಊರಿನ ಜನ ಬಿಟ್ಟಿ ದುಡಿಮೆಯಿಂದ ಕಟ್ಟಿದರು’ ಎಂಬ ಒಂದು ಸಾಲು ತಗಾಲೊಗ್, ಬಿಕೊಲ್, ಕಪಂಪಾಂಗನ್ ಭಾಷೆಗಳಲ್ಲಿ ಆಯಾ ಊರಿನ ಫಲಕದ ಮೇಲೆ ಬರಲಿ ಎಂದು ಬೇಡುತ್ತೇವೆ.

ನಿಮ್ಮ 2009ರ ರಾಷ್ಟ್ರೀಯ ಸಾಂಸ್ಕೃತಿಕ ಪರಂಪರೆ ಕಾಯಿದೆ ಈ ಕಟ್ಟಡಗಳಿಗೆ ರಕ್ಷಣೆ ಕೊಟ್ಟಿದೆ. ಅನುಮತಿ ಪತ್ರಕ್ಕೆ ಎರಡು ಷರತ್ತು ಸೇರಿಸಿ ಎಂಬುದು ಅಧಿಕಾರಿಗಳಲ್ಲಿ ನಮ್ಮ ಮನವಿ. ಸುಣ್ಣ ಅರಳಿಸಿದ ದಿನಾಂಕವನ್ನು ಗುತ್ತಿಗೆದಾರರು ಬರೆದು ತೋರಿಸಬೇಕು. ಒಂದು ಮಳೆಗಾಲ ಕಂಡ ಪರೀಕ್ಷಾ ತುಂಡು ಸರಿಯಿದ್ದರೆ ಮಾತ್ರ ಉಳಿದ ಗೋಡೆಯ ಕೆಲಸಕ್ಕೆ ಹಣ ಬಿಡುಗಡೆಯಾಗಬೇಕು. ಹಣಕಾಸು ವರ್ಷ ಮುಗಿಯುವುದರೊಳಗೆ ಕೆಲಸ ಮುಗಿಸಿ ಎಂದು ಒತ್ತಾಯಿಸಿದರೆ ಸಿಮೆಂಟ್ ಚೀಲ ತಾನಾಗಿಯೇ ಒಳಗೆ ಬರುತ್ತದೆ.

ಪಂಪಾಂಗ, ಬತಾಂಗಸ್‌ಗಳಲ್ಲಿ ಮಳೆ ನವೆಂಬರ್ ಹೊತ್ತಿಗೆ ಹಿಂದೆಗೆಯುತ್ತದೆ. ಅಲ್ಲಿ ಡಿಸೆಂಬರ್‌ನಲ್ಲಿ ಗಿಲಾವು ಶುರುಮಾಡಬೇಕಾದರೆ ಆಗಸ್ಟ್ ಕೊನೆಯೊಳಗೆ ಸುಣ್ಣ ಗುಂಡಿ ಸೇರಿರಬೇಕು. ಮಾಯೋನ್ ಇರುವ ಅಲ್ಬಾಯ್ ಪ್ರಾಂತ್ಯದಲ್ಲಿ ವರ್ಷದ ಕೊನೆಯಲ್ಲೇ ಮಳೆ ಜೋರು, ಕೆಲಸಕ್ಕೆ ಸಿಗುವುದು ಮಾರ್ಚ್‌ನಿಂದ ಮೇ ತನಕದ ಅವಧಿ. ದರಾಗ, ಕಗ್ಸಾವಗಳ ಗುಂಡಿಗಳು ನವೆಂಬರ್ ಮುಗಿಯುವುದರೊಳಗೆ ತುಂಬಿರಲಿ.

ಇತಿ ನಿಮ್ಮ ವಿಶ್ವಾಸಿಗಳು,
ಸುಣ್ಣದ ಗಾರೆ ಮತ್ತು ಹಳೆಯ ಕಟ್ಟಡಗಳ ಕೆಲಸ ಬಲ್ಲ ಕೆಲವು ಕನ್ನಡಿಗರು